ಕಾರಿಗೆ ಬಾಲ ಬಂದ ಮೇಲೆ

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಗಾಡಿ, ಅಂದರೆ ಸಣ್ಣ ಟ್ರೈಲರ್ ಕೊಂಡವರೆಲ್ಲ ಮೊದಲು ಹೇಳುವ ಮಾತು ಒಂದೇ: "ಇನ್ನು ಹೋಟೆಲಿನ ಹಂಗಿಲ್ಲ." ನಮ್ಮ ಯಜಮಾನರೂ ಅದನ್ನೇ ಹೇಳಿದರು. ಮನಸ್ಸು ಬಂದ ಕಡೆ ನಿಲ್ಲಿಸುವುದು, ಬಾಗಿಲು ತೆಗೆದರೆ ನಮ್ಮದೇ ಹಾಸಿಗೆ, ನಮ್ಮದೇ ದಿಂಬು, ನಮ್ಮದೇ ಒಲೆ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಹೋಟೆಲಿನ ಹಂಗು ಹೋಗಿದ್ದೂ ನಿಜ. ಅದು ಖಾಲಿ ಮಾಡಿದ ಜಾಗದಲ್ಲಿ ಕಾರಿಗೂ ಟ್ರೈಲರಿಗೂ ಗಂಟು ಹಾಕುವ ಹಿಚ್ಚಿನ ಹಂಗು, ಟೈರಿನ ಹಂಗು, ಬ್ಯಾಟರಿಯ ಹಂಗು, ಗ್ಯಾಸ್ ಸಿಲಿಂಡರಿನ ಹಂಗು, ಕೊನೆಗೆ ಶೌಚದ ಡಬ್ಬಿಯ ಹಂಗೂ ಬಂದು ಕೂತವು. ಆ ಡಬ್ಬಿಯ ವಿಷಯ ಆಮೇಲೆ ಹೇಳುತ್ತೇನೆ, ಮೊದಲೇ ಹೇಳಿದರೆ ನೀವು ಮುಂದೆ ಓದುವುದಿಲ್ಲ.

ನಮ್ಮತ್ತೆ ಫೋಟೋ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, "ಇರೋ ಮನೆ ಬಿಟ್ಟು ಈ ಪೆಟ್ಟಿಗೇಲಿ ಮಲಗೋಕೆ ಅಷ್ಟು ದೂರ ಹೋಗ್ಬೇಕೇನೋ?" ಅಂದರು. ಮಗ ಬಾಯಿ ಬಿಡಲಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿಯೋ ಏನೋ, ರಾತ್ರಿ ನನಗೆ ಇತಿಹಾಸ ಓದಿ ಹೇಳಿದರು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯರು 'ವಾಂಡರರ್' ಅಂತ ಒಂದು ಮನೆಗಾಡಿ ಕಟ್ಟಿಸಿಕೊಂಡು, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋಗಿದ್ದರಂತೆ. ಬರೀ ಸಂತೋಷಕ್ಕೆ ಅಂತ ಕಟ್ಟಿಸಿದ ಮೊದಲ ಕ್ಯಾರವಾನ್ ಅದೇ ಅನ್ನುತ್ತಾರೆ. "ಎಂಥಾ ಸ್ವತಂತ್ರ ಜೀವಿ ನೋಡು" ಅಂದರು. ಮುಂದೆ ಓದಿದರೆ, ಆ ಸ್ವತಂತ್ರ ಜೀವಿಯ ಕುದುರೆ ಹೊಡೆಯುವುದಕ್ಕೆ ಒಬ್ಬ ಸಾರಥಿ, ಸೇವೆಗೆ ಒಬ್ಬ ಆಳು. ಆ ಆಳು ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗಿ, "ದಾರಿ ಬಿಡಿ, ದೊಡ್ಡ ಗಾಡಿ ಬರ್ತಿದೆ" ಅಂತ ಎದುರಿನವರಿಗೆ ಎಚ್ಚರಿಕೆ ಕೊಡಬೇಕು. ನಮ್ಮ ಮನೆಯಲ್ಲಿ ಆ ಹುದ್ದೆಗೆ ನೇಮಕ ಯಾರದ್ದು ಅಂತ ಆ ರಾತ್ರಿಯೇ ನನಗೆ ಗೊತ್ತಾಯಿತು.

ಟ್ರೈಲರ್ ಬಂದಾಗ ಖಾಲಿ ಇತ್ತು. ಖಾಲಿ ಇರುವುದನ್ನು ನೋಡಿಕೊಂಡು ಸುಮ್ಮನಿರುವ ಗಂಡಸು ಇನ್ನೂ ಹುಟ್ಟಿಲ್ಲ. ಮಡಚುವ ಕುರ್ಚಿ ಬಂತು, ಮಡಚುವ ಮೇಜು ಬಂತು, ಮಡಚುವ ಬಕೆಟ್ಟೂ ಬಂತು. ನೀರಿನ ಪೈಪು ಬಂತು, ಅದು ಸಾಲದಿದ್ದರೆ ಜೋಡಿಸುವುದಕ್ಕೆ ಇನ್ನೊಂದು ಪೈಪು, ಎರಡನ್ನೂ ಜೋಡಿಸುವ ಹಿತ್ತಾಳೆ ಕೊಂಡಿ. ಆ ಕೊಂಡಿ ಕಳೆದುಹೋದರೆ ಇರಲಿ ಅಂತ ಇನ್ನೊಂದು ಕೊಂಡಿ. ಟೂಲ್ ಬಾಕ್ಸ್ ಅಂತೂ ಒಬ್ಬರೇ ಎತ್ತುವಂತಿರಲಿಲ್ಲ. ನಾನು ಇನ್ನೊಂದು ಹೊದಿಕೆ ಇಟ್ಟರೆ ಮಾತ್ರ, "ತೂಕ ಜಾಸ್ತಿಯಾಗುತ್ತೆ ಕಣೇ."

ತೂಕದ ವಿಷಯದಲ್ಲಿ ಅವರು ಹೇಳುವುದು ಪೂರಾ ಸುಳ್ಳೇನಲ್ಲ. ಪ್ರತಿ ಟ್ರೈಲರಿಗೂ ಇಷ್ಟೇ ಹೊರಬಹುದು ಎಂಬ ಮಿತಿ ಇದೆ, ಸಣ್ಣದರಲ್ಲಿ ಅದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ನೂರು ಲೀಟರಿನ ಟ್ಯಾಂಕ್ ತುಂಬಿಸಿದಿರೋ, ಒಬ್ಬ ಸ್ಥೂಲಕಾಯದ ನೆಂಟರನ್ನು ಹತ್ತಿಸಿಕೊಂಡಂತೆ. ಒಟ್ಟು ತೂಕಕ್ಕಿಂತಲೂ ಅದು ಎಲ್ಲಿ ಕೂತಿದೆ ಎಂಬುದೇ ದೊಡ್ಡ ಪಂಚಾಯಿತಿ. ಭಾರದ ಸಾಮಾನೆಲ್ಲ ಕೆಳಗೆ, ಆಕ್ಸಲಿನ, ಅಂದರೆ ಚಕ್ರಗಳ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಟ್ರೈಲರಿನ ಮೂತಿ ಹಿಚ್ಚಿನ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಒತ್ತುತ್ತಿರಬೇಕು ಅಂತ ಅಮೆರಿಕದವರ ಲೆಕ್ಕ. ಯೂರೋಪಿನಲ್ಲಿ ಇದಕ್ಕಿಂತ ಕಡಿಮೆ ಇಡುತ್ತಾರೆ. ನಿಮ್ಮ ಕಾರು ಎಷ್ಟು ತಡೆಯುತ್ತದೆ ಅಂತ ಕಾರಿನ ಪುಸ್ತಕದಲ್ಲೇ ಬರೆದಿರುತ್ತದೆ.

ಈ ಮೂತಿಯ ಭಾರ ಅಳೆಯುವುದಕ್ಕೆ ಬಚ್ಚಲಮನೆಯಲ್ಲಿದ್ದ ನನ್ನ ತೂಕದ ಯಂತ್ರ ಮಾಯವಾಯಿತು. ಅಂಗಳದಲ್ಲಿ ನೋಡಿದರೆ, ಯಂತ್ರದ ಮೇಲೊಂದು ಹಲಗೆ, ಹಲಗೆಯ ಮೇಲೆ ಟ್ರೈಲರಿನ ಮೂತಿ, ಪಕ್ಕದಲ್ಲಿ ಮಂಡಿಯೂರಿ ಕೂತು ಮುಳ್ಳು ನೋಡುತ್ತಿರುವ ಇವರು. "ತೊಂಬತ್ತು! ಸರಿಯಾಗಿದೆ!" ಅಂತ ಕೂಗಿದರು. ಹತ್ತಿರದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಮೊದಲು ನನ್ನನ್ನು ನೋಡಿದರು, ಆಮೇಲೆ ಅವರನ್ನು. ಆ ದಿನದಿಂದ ಯಂತ್ರ ನಾನು ಹತ್ತುವ ಮೊದಲೇ ಎರಡು ಕಿಲೋ ತೋರಿಸುತ್ತದೆ. ಹತ್ತಿದ ಮೇಲೆ ಬರುವ ಅಂಕಿಯನ್ನು ನಾನು ನಂಬುವುದನ್ನೇ ಬಿಟ್ಟಿದ್ದೇನೆ, ಅದೊಂದೇ ಲಾಭ.

ಇಷ್ಟೆಲ್ಲ ಅಳೆದ ಮೇಲೂ, ಹೊರಡುವ ಗಡಿಬಿಡಿಯಲ್ಲಿ ಟೂಲ್ ಬಾಕ್ಸನ್ನು ತಂದು ಹಿಂದಿನ ಬಾಗಿಲ ಹತ್ತಿರ ಇಟ್ಟರು. "ಬೇಕಾದಾಗ ಕೈಗೆ ಸಿಗಬೇಕಲ್ಲ." ಹೆದ್ದಾರಿಯಲ್ಲಿ ಒಂದು ಲಾರಿ ನಮ್ಮನ್ನು ದಾಟಿ ಹೋಯಿತು. ಅದು ತಳ್ಳಿದ ಗಾಳಿಗೆ ಟ್ರೈಲರ್ ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಕಾರಿನ ಹಿಂಭಾಗವೂ ಅದರ ತಾಳಕ್ಕೆ ಸೊಂಟ ತಿರುಗಿಸತೊಡಗಿತು. ಹಿಂದೆ ಭಾರ ಹೆಚ್ಚಾಗಿ ಮೂತಿ ಹಗುರಾದರೆ ಹೀಗೇ ಆಗುವುದು. ಇಂಥ ಹೊತ್ತಿನಲ್ಲಿ ಕಾರಿನ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ಆ ಕಡೆ ಈ ಕಡೆ ಎಳೆದಾಡಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿದು ಕೂರಬೇಕು. ಟ್ರೈಲರಿಗೆ ಬೇರೆ ಬ್ರೇಕ್ ಕಂಟ್ರೋಲ್ ಇದ್ದರೆ ಅದನ್ನು ಮಾತ್ರ ಮೆತ್ತಗೆ ಹಿಡಿಯಬಹುದು. ಇವರು ಹಾಗೇ ಮಾಡಿದರು, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ನಾನು ಮಾಡಿದ್ದು ಡ್ಯಾಶ್‌ಬೋರ್ಡ್ ಹಿಡಿದು ಕಿರುಚಿದ್ದು. ಮುಂದೆ ಜಾಗ ಸಿಕ್ಕಿದ ಕೂಡಲೇ ಗಾಡಿ ನಿಲ್ಲಿಸಿ, ಒಂದು ಮಾತೂ ಆಡದೆ ಇಳಿದು, ಟೂಲ್ ಬಾಕ್ಸನ್ನು ಆಕ್ಸಲಿನ ನೇರಕ್ಕೆ ಎಳೆದು ಪಟ್ಟಿ ಬಿಗಿದು ಬಂದು ಕೂತರು. ನಾನೂ ಮಾತಾಡಲಿಲ್ಲ. ನನ್ನ ಹೊದಿಕೆಯ ತೂಕ ಎಷ್ಟು ಅಂತ ಮಾತ್ರ ಕೇಳಿದೆ.

ಟ್ರೈಲರ್ ತಗುಲಿಸುವುದೇ ಒಂದು ಪೂಜಾವಿಧಿ, ಮಂತ್ರ ತಪ್ಪುವಂತಿಲ್ಲ. ಕಾರಿನ ಹಿಚ್ಚಿನಲ್ಲಿರುವ ಗುಂಡಿನ ಮೇಲೆ ಟ್ರೈಲರಿನ ಮೂತಿಯ ಹಿಡಿ, ಅಂದರೆ ಕಪ್ಲರ್, ಕೂತ ಶಬ್ದ ಬಂದರೆ ಸಾಲದು. ಜಾಕಿಯಿಂದ ಮೂತಿಯನ್ನು ಸ್ವಲ್ಪ ಮೇಲೆತ್ತಿ, ಜೊತೆಗೆ ಕಾರಿನ ಹಿಂಭಾಗವೂ ಏಳುತ್ತದಾ ನೋಡಬೇಕು. ಎದ್ದರೆ ಹಿಡಿದಿದೆ ಎಂದರ್ಥ. ಸರಪಳಿಗಳನ್ನು ಕತ್ತರಿಯಾಗಿ ಹಾಕಬೇಕು, ಕಪ್ಲರ್ ಕಳಚಿಕೊಂಡರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ. ಇನ್ನೊಂದು ತೆಳು ತಂತಿ ಇದೆ, ಗಾಡಿ ಪೂರಾ ಕಿತ್ತುಕೊಂಡು ಹೋದರೆ ಅದು ಪಿನ್ ಎಳೆದು ಟ್ರೈಲರಿನ ಬ್ರೇಕನ್ನು ತಾನೇ ಹಾಕುತ್ತದೆ. ಕೊನೆಗೆ ಲೈಟು. ಇವರು ಒಳಗೆ, ನಾನು ಹಿಂದೆ.

"ಎಡ?"

"ಹ್ಞೂಂ."

"ಬಲ?"

"ಬರ್ತಿದೆ... ಇಲ್ಲ... ಬರ್ತಿದೆ... ಇಲ್ಲ..."

"ಸರಿಯಾಗಿ ಹೇಳೇ, ಬರ್ತಿದೆಯೋ ಇಲ್ವೋ?"

"ಇಂಡಿಕೇಟರ್ ಅಲ್ವೇನ್ರೀ, ಅದು ಇರೋದೇ ಹಾಗೆ!"

ಇನ್ನು ರಿವರ್ಸ್. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರ ಕಾಲಕ್ಕೆ ಈ ಸಾಧನ ಇರಲಿಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರ್ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಸಣ್ಣದು ಸುಲಭ ಅಂದುಕೊಳ್ಳಬೇಡಿ, ಉದ್ದದ ಟ್ರೈಲರ್ ನಿಧಾನಕ್ಕೆ ತಿರುಗಿ ಯೋಚಿಸುವುದಕ್ಕೆ ಸಮಯ ಕೊಡುತ್ತದೆ. ನಮ್ಮಂಥ ಗಿಡ್ಡದ್ದು ಚೂರು ತಿರುಗಿಸಿದರೂ ಮೂಲೆಗೆ ಮುಖ ಮಾಡಿ ನಿಲ್ಲುತ್ತದೆ. ಕಾರೂ ಟ್ರೈಲರೂ ಚಾಕು ಮಡಚಿದ ಹಾಗೆ ಮಡಚಿಕೊಂಡ ಮೇಲೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ, ಮುಂದೆ ಹೋಗಿ ನೇರ ಮಾಡಿಕೊಂಡೇ ಬರಬೇಕು.

ನಾವು ತಂಗುವ ಜಾಗ ತಲುಪುವುದು ಯಾವಾಗಲೂ ಸಂಜೆ. ಆ ಹೊತ್ತಿಗೆ ಮೊದಲೇ ಬಂದವರೆಲ್ಲ ಕುರ್ಚಿ ಹಾಕಿಕೊಂಡು, ನೋಡುವುದಕ್ಕೆ ಏನೂ ಇಲ್ಲವಲ್ಲ ಅಂತ ಕೂತಿರುತ್ತಾರೆ. ನಾವು ಬರುತ್ತೇವೆ. ನಾನು ಇಳಿದು ಹಿಂದೆ ನಿಂತು ಕೈ ಬೀಸುತ್ತೇನೆ.

"ಬಲಕ್ಕೆ, ಬಲಕ್ಕೆ!"

"ಯಾರ ಬಲ?"

"ನಿಮ್ಮ ಬಲ!"

"ನನ್ನ ಬಲವೋ, ಟ್ರೈಲರ್ ಬಲವೋ, ಸ್ಟೀರಿಂಗ್ ಬಲವೋ?"

ಇದಕ್ಕೆ ಉತ್ತರ ಯೋಚಿಸುವುದರೊಳಗೆ ಟ್ರೈಲರಿನ ಹಿಂದಿನ ಮೂಲೆ ನೀರಿನ ನಲ್ಲಿಯ ಕಂಬದ ಕ್ಷೇಮಸಮಾಚಾರ ವಿಚಾರಿಸುತ್ತಿರುತ್ತದೆ. ಕುರ್ಚಿಗಳಿಂದ ಸಲಹೆಗಳು ಏಳುತ್ತವೆ. ಒಬ್ಬರು "ಬಿಡಿ ಬಿಡಿ" ಅಂದರೆ ಇನ್ನೊಬ್ಬರು "ಹಿಡಿರಿ ಹಿಡಿರಿ" ಅನ್ನುತ್ತಾರೆ. ವಾಕಿಟಾಕಿ ಕೊಂಡೆವು. ಮೊದಲು ಜಗಳ ಕೂಗಿನಲ್ಲಿ ನಡೆಯುತ್ತಿತ್ತು, ಆಮೇಲೆ ಮೆತ್ತಗೆ, ಸ್ಪಷ್ಟವಾಗಿ, ಕಿವಿಯ ಪಕ್ಕದಲ್ಲೇ ನಡೆಯತೊಡಗಿತು.

ಒಂದು ಸಲ ಇವರು ರೋಸಿ ಹೋಗಿ ಇಳಿದು, "ಬಾ, ನೀನೇ ತೆಗಿ" ಅಂದರು. ಅವರ ಲೆಕ್ಕಾಚಾರ ಬೇರೆ ಇತ್ತು. ನಾನು ಹೊರಗೆ ನಿಂತು ಅಷ್ಟು ಕಾಲ ಮಾಡಿದ್ದೇನು? ಯಾವ ಚಕ್ರ ತಿರುಗಿದರೆ ಯಾವ ಮೂಲೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದೇ ನೋಡಿದ್ದು. ಕೈಯನ್ನು ಸ್ಟೀರಿಂಗಿನ ತಳಕ್ಕೆ ಇಟ್ಟುಕೊಂಡರೆ ಸಾಕು, ಬಲ ಎಡದ ರಗಳೆಯೇ ಇರುವುದಿಲ್ಲ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈ ಆ ಕಡೆಗೆ. ಚೂರು ಚೂರೇ, ಆಮೆಯ ವೇಗದಲ್ಲಿ. ಟ್ರೈಲರ್ ತನ್ನ ಜಾಗದಲ್ಲಿ ಹೋಗಿ ಕೂತಿತು. ಕುರ್ಚಿಗಳಲ್ಲಿ ಸದ್ದಿಲ್ಲ. ಇವರು ಮಾತ್ರ, "ನಾನು ಕೈ ತೋರಿಸಿದ್ದು ಸರಿ ಇತ್ತು ಅಲ್ವಾ?" ಅಂದರು.

ನಿಲ್ಲಿಸಿದ ಮೇಲೆ ಮಟ್ಟ ಮಾಡಬೇಕು. ಮೊದಲು ಅಡ್ಡ ಮಟ್ಟ, ತಗ್ಗಿನ ಚಕ್ರದ ಕೆಳಗೆ ಹಲಗೆ ಕೊಟ್ಟು. ಚಕ್ರಗಳಿಗೆ ತಡೆ ಕೊಟ್ಟು ಕಾರು ಕಳಚಿದ ಮೇಲೆ, ಉದ್ದ ಮಟ್ಟ ಮೂತಿಯ ಜಾಕಿಯಿಂದ. ಮೂಲೆಗಳ ನಾಲ್ಕು ಕಾಲುಗಳು ಗಾಡಿ ಅಲ್ಲಾಡದಿರಲಿ ಅಂತ ಇರುವುದು, ಅವುಗಳಿಂದ ಗಾಡಿ ಎತ್ತಲು ಹೋದರೆ ಚಾಸಿಸ್ಸಿಗೆ ಪೆಟ್ಟು. ಇವರು ಗಾರೆ ಕೆಲಸದವರ ರಸಮಟ್ಟ ತಂದು ನೆಲದ ಮೇಲೆ, ಒಲೆಯ ಮೇಲೆ, ಹಾಸಿಗೆಯ ಮೇಲೆ ಇಟ್ಟು ನೋಡುತ್ತಾರೆ. ಇಷ್ಟು ಭಕ್ತಿ ಯಾಕೆ ಅಂದರೆ ಫ್ರಿಜ್ಜಿಗಾಗಿ. ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಒಳಗಿನ ಅಮೋನಿಯಾ ದ್ರಾವಣ ಬಿಸಿಯಾಗಿ ಮೇಲೇರಿ, ತಣ್ಣಗಾಗಿ, ತನ್ನ ಭಾರದಲ್ಲೇ ಇಳಿದು ಬರಬೇಕು. ಗಾಡಿ ವಾಲಿದರೆ ದ್ರಾವಣ ನಡುದಾರಿಯಲ್ಲೇ ನಿಲ್ಲುತ್ತದೆ, ಫ್ರಿಜ್ಜು ಬೀರುವಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಆಡಿಕೊಳ್ಳುತ್ತೇವಲ್ಲ, ಈ ಫ್ರಿಜ್ಜು ಹಾಗಂದರೆ ಮಾತ್ರ ನೆಲ ನಿಜವಾಗಿಯೂ ಡೊಂಕೇ.

ಕರೆಂಟಿನ ಕಥೆ ಚುಟುಕಾಗಿ ಮುಗಿಸುತ್ತೇನೆ. 12 ವೋಲ್ಟಿನ, 100 ಆಂಪಿಯರ್ ಅವರ್ ಬ್ಯಾಟರಿ. ಮಾಮೂಲಿ ಲೆಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸಿಗೆ ಕುತ್ತು. ನಾನು ತಲೆಗೆ ಸ್ನಾನ ಮಾಡಿ, ಇನ್ವರ್ಟರಿಗೆ 1500 ವಾಟಿನ ಹೇರ್ ಡ್ರೈಯರ್ ಚುಚ್ಚಿದೆ. ಅದು ಬ್ಯಾಟರಿಯಿಂದ ಎಳೆಯುವುದು ಗಂಟೆಗಟ್ಟಲೆ ದೀಪ ಉರಿಸುವ ಕರೆಂಟಲ್ಲ, ನೂರಿಪ್ಪತ್ತೈದು ಆಂಪಿಯರಿಗೂ ಮೇಲೆ. ಇನ್ವರ್ಟರ್ ಒಮ್ಮೆ ಕಿರುಚಿ ಬಾಯಿ ಮುಚ್ಚಿತು. ಅದರ ಬದಲಿಗೆ ಇವರು ಬಾಯಿ ತೆರೆದರು.

ಈಗ ಆ ಡಬ್ಬಿ. ಸಣ್ಣ ಟ್ರೈಲರಿನ ಶೌಚಾಲಯದ ಕೆಳಗೆ ಹೊರಗಿನಿಂದ ಎಳೆದು ತೆಗೆಯುವ ಒಂದು ಕ್ಯಾಸೆಟ್ ಇರುತ್ತದೆ, ಹೆಚ್ಚುಕಡಿಮೆ 18-20 ಲೀಟರಿನದು. ಕೆಂಪು ದೀಪ ಬಂದರೆ ತುಂಬಿದೆ ಎಂದು. ಅದನ್ನು ಗೊತ್ತಾದ ಜಾಗಕ್ಕೆ ಒಯ್ದು, ಮೂತಿ ತಿರುಗಿಸಿ, ಗಾಳಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಸುರಿಯಬೇಕು. ಗುಂಡಿ ಒತ್ತದಿದ್ದರೆ ಗೊಳಗೊಳ ಅಂತ ಉಕ್ಕಿ ಎಲ್ಲಿಗೆ ಸಿಡಿಯುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ನಮ್ಮಲ್ಲಿ ಒಪ್ಪಂದವಾಗಿದೆ: ರಿವರ್ಸ್ ತೆಗೆದವರು ಡಬ್ಬಿ ಮುಟ್ಟುವಂತಿಲ್ಲ. ನಾನು ಒಂದು ದಿನವೂ ಕರಾರು ಮುರಿದಿಲ್ಲ.

ತಯಾರಿಸಿದವರು ದೊಡ್ಡ ಮನಸ್ಸು ಮಾಡಿ ಅದಕ್ಕೆ ಎರಡು ಚಕ್ರ, ಮೇಲೆ ಎಳೆಯುವ ಹಿಡಿ ಕೊಟ್ಟಿದ್ದಾರೆ. ದೂರದಿಂದ ನೋಡಿದರೆ ವಿಮಾನಕ್ಕೆ ಹೊರಟವರ ಸೂಟ್‌ಕೇಸೇ ಸರಿ. ಹೋದ ಸಲ ಬೆಳಿಗ್ಗೆ ಇವರು ಅದನ್ನು ಜಲ್ಲಿಕಲ್ಲಿನ ದಾರಿಯಲ್ಲಿ ಗಡಗಡ ಎಳೆದುಕೊಂಡು ಹೋಗುತ್ತಿದ್ದರು. ಹಿಂದಿನ ದಿನವಷ್ಟೇ ಹೊಸ ಟ್ರೈಲರ್ ತಂದಿದ್ದ ಒಬ್ಬ ಹುಡುಗ, ಒಳ್ಳೆಯ ಮನೆತನದವನಿರಬೇಕು, ಓಡಿ ಬಂದು ಅಡ್ಡ ನಿಂತ. "ಅಂಕಲ್, ಭಾರ ಇದೆ ಅನ್ಸುತ್ತೆ. ಕೊಡಿ, ನಾನು ತಗೊಂಡು ಬರ್ತೀನಿ."

ನಾನು ಕಿಟಕಿಯಿಂದ ಕೂಗಬೇಕು ಅನ್ನುವಷ್ಟರಲ್ಲಿ ಇವರು ಹಿಡಿಯನ್ನು ಅವನ ಕೈಗೆ ಕೊಟ್ಟು, "ಸ್ವಲ್ಪ ನಿಧಾನಕ್ಕೆ ಎಳಿಯಪ್ಪಾ" ಅಂದರು.