ಕಾಲು ಉಳುಕಿದರೆ ಊರೆಲ್ಲ ವೈದ್ಯರು

ಜಡಿಮಳೆಯ ಆಟಿ ತಿಂಗಳಲ್ಲಿ ಮುರಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿಯುತ್ತಿದ್ದಂತೆ ಕಾಸರಗೋಡು ಕಡೆಯ ಮನೆಗಳಲ್ಲಿ ಪೆಟ್ಟು, ಉಳುಕಿಗೆ ಹಚ್ಚುವ ಮುರಿವೆಣ್ಣೆಯ ಬಾಟಲಿ ಕಪಾಟಿನ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುತ್ತದೆ. ಯಾರಾದರೊಬ್ಬರು ತೋಟಕ್ಕೆ ಇಳಿಯುವಾಗ ಜಾರಿ ಕುಳಿತರೆ ಸಾಕು, ಹತ್ತು ನಿಮಿಷದೊಳಗೆ ಜಗಲಿಯಲ್ಲಿ ವೈದ್ಯ ಮಂಡಳಿ ಸಭೆ ಸೇರಿರುತ್ತದೆ. ಆಚೆಮನೆಯ ಭಾವ ಲುಂಗಿ ಎತ್ತಿ ಕಟ್ಟಿ, "ಎಂತ ಇಲ್ಲ ಮಾರಾಯ, ನರದ ಮೇಲೆ ನರ ಹತ್ತಿದ್ದು, ಒಂದು ಎಳೆತ ಎಳೆದರೆ ಸರಿ" ಎನ್ನುತ್ತಾರೆ. ಚಿಕ್ಕಮ್ಮ ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಕಲ್ಲುಪ್ಪು ಸುರಿಯುತ್ತಾರೆ. ರಜೆಗೆ ಬಂದ ಅಳಿಯ ಮೊಬೈಲಿನಲ್ಲಿ ಏನೋ ಓದಿ ಮುಖ ಕಪ್ಪಗೆ ಮಾಡಿಕೊಂಡು, ಈಗಿಂದೀಗಲೇ ಮಂಗಳೂರಿಗೆ ಹೊರಡಬೇಕು ಎನ್ನುತ್ತಾನೆ. ಬಿದ್ದವರ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲ.

ಎಳೆತವೊಂದನ್ನು ಬಿಟ್ಟರೆ ಮಂಡಳಿಯ ಸಲಹೆಗಳು ಅಷ್ಟೇನೂ ಕೆಟ್ಟವಲ್ಲ. ಎಡವಟ್ಟಾಗುವುದು ಹೊತ್ತಿನಲ್ಲಿ. ಎರಡನೆಯ ವಾರಕ್ಕೆ ಆಗಬೇಕಾದ ತಿಕ್ಕಾಟ ಮೊದಲ ಗಂಟೆಗೇ ನಡೆದುಹೋಗುತ್ತದೆ. ಮೊದಲ ಗಂಟೆಯಲ್ಲಿ ಆಗಬೇಕಾದದ್ದು ಆಗುವುದೇ ಇಲ್ಲ.

ಪಾದವೊಂದರಲ್ಲಿ 26 ಎಲುಬು, 33 ಕೀಲು ಉಂಟು. ನರದ ಮೇಲೆ ನರ ಹತ್ತುವ ಏರ್ಪಾಡು ಮಾತ್ರ ಎಲ್ಲಿಯೂ ಇಲ್ಲ. ಉಳುಕು ಎಂದರೆ ಎಲುಬಿಗೆ ಎಲುಬನ್ನು ಬಿಗಿದ ಲಿಗಮೆಂಟ್ ಎಂಬ ಪಟ್ಟಿ ಜಗ್ಗಿದ್ದು, ಇಲ್ಲವೇ ಹರಿದದ್ದು. ಕಣಕಾಲಿನ ಹೊರಗಂಟು ಒಳಗಂಟಿಗಿಂತ ಕೆಳಕ್ಕೆ ಇಳಿದಿರುವುದರಿಂದ ಪಾದ ಹೊರಕ್ಕೆ ಮಗುಚಲು ಅಡ್ಡಿ, ಒಳಕ್ಕೆ ಮಗುಚಲು ಸಲೀಸು. ಸಾಲದ್ದಕ್ಕೆ ಒಳಮಗ್ಗುಲಿನ ಲಿಗಮೆಂಟ್ ದಪ್ಪ, ಹೊರಮಗ್ಗುಲಿನ ಮೂರು ಲಿಗಮೆಂಟ್‌ಗಳು ತೆಳು. ಆ ಮೂರರಲ್ಲಿ ಮುಂದಿನದು ತೀರಾ ಬಡಪಾಯಿ. ಹೆಚ್ಚಿನ ಉಳುಕುಗಳಲ್ಲಿ ಮೊದಲ ಪೆಟ್ಟು ತಿನ್ನುವುದು ಅದೇ. ಮೆಟ್ಟಿಲು ಇಳಿಯುವಾಗಲೇ ಇದು ಆಗುವುದಕ್ಕೂ ಕಾರಣ ಉಂಟು. ಕೀಲಿನೊಳಗೆ ಕೂರುವ ಎಲುಬು ಮುಂದೆ ಅಗಲ, ಹಿಂದೆ ಕಿರಿದು. ಬೆರಳನ್ನು ಕೆಳಕ್ಕೆ ಚಾಚಿದಾಗ ಕಿರಿದಾದ ಭಾಗ ಕೀಲಿಗೆ ಬರುತ್ತದೆ, ಹಿಡಿತ ಸಡಿಲಾಗುತ್ತದೆ. ಅಷ್ಟು ಹೊತ್ತಿಗೆ ಪಾಚಿಯೂ ಸಿಕ್ಕರೆ ಮುಗಿಯಿತು.

ಅಳಿಯನ ಗಾಬರಿಗೆ ಉತ್ತರ 1992ರಲ್ಲಿ ಕೆನಡಾದ ಒಟ್ಟಾವಾದಿಂದ ಬಂತು. ಎಕ್ಸ್‌ರೇ ಯಾರಿಗೆ ಬೇಕು ಎಂದು ತೀರ್ಮಾನಿಸಲು ಅಲ್ಲಿನ ವೈದ್ಯರು ಮಾಡಿಕೊಟ್ಟ ಸರಳ ನಿಯಮ ಅದು. ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ತೋರಿಸುವಾಗ, ಎರಡು ಸಲವೂ 4 ಹೆಜ್ಜೆ ಇಡಲು ಆಗಲಿಲ್ಲವೇ? ಎಕ್ಸ್‌ರೇ ತೆಗೆಸಬೇಕು, ಕುಂಟಿಕೊಂಡು ಇಟ್ಟ ಹೆಜ್ಜೆಯೂ ಹೆಜ್ಜೆಯೇ. ಹೆಜ್ಜೆ ಇಡಲಾದರೂ ಬೆರಳಿನಿಂದ ಒತ್ತಿ ನೋಡಬೇಕು: ಹೊರಗಂಟು ಮತ್ತು ಒಳಗಂಟಿನ ಹಿಂಬದಿಯ ಅಂಚು, ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ, ಆಮೇಲೆ ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಎದ್ದು ಕಾಣುವ ಗುಬುಟು, ಒಳಬದಿಯಲ್ಲಿ ಪಾದದ ಕಮಾನಿನ ಮೇಲಿರುವ ಎಲುಬು. ಎಲುಬಿನ ಮೇಲೆಯೇ ಒತ್ತಿದಾಗ ಜೀವ ಹೋಗುವಂತೆ ಆದರೆ ಹೊರಡಿ. ಗಂಟಿನ ಮುಂದಿನ ಮೆತ್ತಗಿನ ಜಾಗದಲ್ಲಿ ಮಾತ್ರ ನೋವು, ನಡೆಯಲೂ ಆಗುತ್ತದೆ ಎಂದರೆ ಅಳಿಯನಿಗೆ ಚಹಾ ಕೊಟ್ಟು ಕೂರಿಸಬಹುದು. ಕುಡಿದವರಿಗೆ, ಸಣ್ಣ ಮಕ್ಕಳಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಈ ಲೆಕ್ಕ ನಡೆಯುವುದಿಲ್ಲ.

ಮೊದಲ ಎರಡು ಮೂರು ದಿನ ಬಿಸಿನೀರು ಬೇಡ, ತಿಕ್ಕುವುದೂ ಬೇಡ. ಒಳಗೆ ಸಣ್ಣ ರಕ್ತನಾಳಗಳು ಹರಿದು ಒಸರುತ್ತಿರುವಾಗ ಬಿಸಿ ಕೊಟ್ಟರೆ ಬಾವು ಹೆಚ್ಚುತ್ತದೆ. ಆಗ ಬೇಕಾದದ್ದು ತಣ್ಣಗಿನದು. ನಮ್ಮ ಮನೆಗಳ ಫ್ರೀಜರಿನಲ್ಲಿ ಐಸ್‌ಕ್ರೀಮ್ ಡಬ್ಬಿ ಇರುತ್ತದೆ, ತೆರೆದರೆ ಒಳಗೆ ತುರಿದ ತೆಂಗಿನಕಾಯಿ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಉಳುಕಿದ ಕಾಲಿಗೆ ಮಾತ್ರ ಅದೇ ಲೇಸು: ಪ್ಲಾಸ್ಟಿಕ್ ತೊಟ್ಟೆಗೆ ತುಂಬಿದ ಕಾಯಿತುರಿ ಗಂಟಿನ ಸುತ್ತ ಚೆನ್ನಾಗಿ ಒಗ್ಗಿ ಕೂರುತ್ತದೆ. ತೆಳು ಬಟ್ಟೆ ಸುತ್ತಿ 15ರಿಂದ 20 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಬಟ್ಟೆ ಇಲ್ಲದೆ ನೇರ ಇಟ್ಟರೆ ಚರ್ಮ ಸುಡುತ್ತದೆ. ಐಸ್ ಇಡುವುದು ನೋವು ತಗ್ಗಿಸಲಿಕ್ಕೆ. ಲಿಗಮೆಂಟನ್ನು ಅದು ಬೇಗ ಕೂಡಿಸುತ್ತದೆಂದು ತಿಳಿಯಬೇಡಿ. ಆ ಕಾಯಿತುರಿಯನ್ನು ಮತ್ತೆ ಸಾಂಬಾರಿಗೆ ಹಾಕುವ ವಿಚಾರ ಮನೆಯವರಿಗೆ ಬಿಟ್ಟದ್ದು.

ಕ್ರೇಪ್ ಬ್ಯಾಂಡೇಜ್ ಕಟ್ಟುವುದರಲ್ಲಿ ತಪ್ಪುವವರೇ ಹೆಚ್ಚು. 10 ಸೆಂಟಿಮೀಟರ್ ಅಗಲದ್ದು ತನ್ನಿ. ಕಟ್ಟುವಾಗ ಬೆರಳು ಮೇಲಕ್ಕೆ, ಪಾದ ಕಾಲಿಗೆ ಲಂಬಕೋನದಲ್ಲಿ ಇರಬೇಕು. ಬೆರಳಿನ ಬುಡದಿಂದ ಶುರುಮಾಡಿ ಇಂಗ್ಲಿಷಿನ 8ರ ಆಕಾರದಲ್ಲಿ ಕಣಕಾಲು ಸುತ್ತಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಗಂಟಿನಿಂದ ಒಂದು ಗೇಣು ಮೇಲಕ್ಕೆ ಹೋಗಿ. ಹಿಮ್ಮಡಿ ಬಿಟ್ಟುಹೋದರೆ ಅಲ್ಲೇ ಬಾವು ಗುಡ್ಡೆ ಕಟ್ಟುತ್ತದೆ. ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಭಾವನವರು ಕಟ್ಟಿದರೆ ಇದು ತಿರುಗುಮುರುಗಾಗಿ ಬೆರಳು ನೀಲಿಯಾಗುತ್ತದೆ. ಬೆರಳು ತಣ್ಣಗಾದರೆ, ಜುಮುಗುಟ್ಟಿದರೆ ಬಿಚ್ಚಿ ಕಟ್ಟಬೇಕು, ಮಲಗುವಾಗ ತೆಗೆದಿಡಬೇಕು. ಕಾಲು ಎದೆಯ ಮಟ್ಟಕ್ಕಿಂತ ಮೇಲಿರಲಿ. ಈಸಿಚೇರಿನಲ್ಲಿ ಕುಳಿತು ಸ್ಟೂಲಿನ ಮೇಲೆ ಇಟ್ಟರೆ ಯಜಮಾನಿಕೆ ಕಾಣುತ್ತದೆಯೇ ಹೊರತು ಬಾವು ಇಳಿಯುವುದಿಲ್ಲ. ನೋವಿಗೆ 650 ಮಿಲಿಗ್ರಾಂ ಪ್ಯಾರಾಸಿಟಮಾಲ್, ಆರು ಗಂಟೆ ಬಿಟ್ಟು ಬೇಕಾದರೆ ಇನ್ನೊಂದು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಲ್ಲ. ಮೆಡಿಕಲ್‌ನಿಂದ ಕೇಳಿ ತಂದ ಡೈಕ್ಲೋಫಿನಾಕ್ ಮಾತ್ರೆ ಹೊಟ್ಟೆಹುಣ್ಣು, ಬಿ.ಪಿ., ಮೂತ್ರಪಿಂಡದ ತೊಂದರೆ ಇದ್ದವರಿಗಲ್ಲ.

ಬಾವು ಇಳಿಯತೊಡಗಿದ ಮೇಲೆ ಮುರಿವೆಣ್ಣೆಯ ಸರದಿ. ಮೆಲ್ಲಗೆ, ಬೆರಳಿನ ಕಡೆಯಿಂದ ಮೇಲಕ್ಕೆ. ಆದರೆ ಎಣ್ಣೆಗಿಂತ ಮುಖ್ಯ ಅಲುಗಾಡಿಸುವುದು. ಫಿಸಿಯೋಥೆರಪಿಯವರು ಹೆಬ್ಬೆರಳನ್ನು ಪೆನ್ನು ಮಾಡಿಕೊಂಡು ಗಾಳಿಯಲ್ಲಿ ಎ ಬಿ ಸಿ ಡಿ ಬರೆಯಿರಿ ಎನ್ನುತ್ತಾರೆ. ಕನ್ನಡಿಗರಿಗೆ ಇಲ್ಲಿ ಸಹಜ ಅನುಕೂಲ: ನೆಟ್ಟಗಿನ ಗೀಟುಗಳ ಆ ಅಕ್ಷರಗಳಿಗಿಂತ ನಮ್ಮ ಅ ಆ ಇ ಈ ಬರೆದರೆ ಕಣಕಾಲು ನಾಲ್ಕು ದಿಕ್ಕಿಗೂ ತಿರುಗುತ್ತದೆ. ಎರಡನೆಯ ವಾರಕ್ಕೆ ಒತ್ತಕ್ಷರ ಸೇರಿಸಬಹುದು. ಮಲಯಾಳ ಓದಿದ ಮೊಮ್ಮಕ್ಕಳಿದ್ದರೆ ಅದನ್ನೂ ಬರೆಸಲಿ, ಸುತ್ತುಗಳಿಗೆ ಅಲ್ಲಿಯೂ ಬರವಿಲ್ಲ. ನೋವು ತಗ್ಗಿದ ಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ 30 ಸೆಕೆಂಡು ನಿಲ್ಲಬೇಕು, ಗೋಡೆ ಕೈಗೆಟಕುವಂತಿರಲಿ, ಆರು ವಾರ ಬಿಡದೆ. ಲಿಗಮೆಂಟ್ ಹರಿದಾಗ ಪಾದ ಎತ್ತ ವಾಲಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ತಂತುಗಳೂ ಕೆಡುತ್ತವೆ. ಅವುಗಳನ್ನು ಪಳಗಿಸದಿದ್ದರೆ ಬರುವ ಆಟಿಗೆ ಅದೇ ಕಾಲು ಮತ್ತೆ ಉಳುಕುತ್ತದೆ. ಸಣ್ಣ ಉಳುಕು ಒಂದೆರಡು ವಾರದಲ್ಲಿ ಸರಿ; ಪೂರ್ತಿ ಹರಿದದ್ದು ಮೂರು ತಿಂಗಳೂ ತೆಗೆದುಕೊಳ್ಳಬಹುದು.

ಉಳುಕು ಮಳೆಗಾಲದ ಬೆಳೆಯಾದರೆ ಹಿಮ್ಮಡಿ ನೋವು ಉಪನಯನ, ಮದುವೆಗಳ ಬೇಸಗೆಯದ್ದು. ಬೆಳಗ್ಗೆ ಏಳಕ್ಕೆ ಬರಿಗಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಂತವರು ಮೂರು ಹಂತಿ ಬಡಿಸಿ, ಪಾತ್ರೆ ಎಣಿಸಿ ಮನೆ ಸೇರುವಾಗ ಸಂಜೆ. ಮರುದಿನ ಹಾಸಿಗೆಯಿಂದ ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿಯೊಳಗೆ ಮೊಳೆ ಹೊಡೆದ ನೋವು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಕುಳಿತು ಎದ್ದರೆ ಪುನಃ. ಈ ಲಕ್ಷಣ ಕೇಳಿದರೆ ಸಾಕು, ರೋಗದ ಹೆಸರು ಹೇಳಬಹುದು: ಪ್ಲಾಂಟಾರ್ ಫ್ಯಾಸೈಟಿಸ್. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಬಿಲ್ಲಿಗೆ ಹೆದೆಯಂತೆ ಬಿಗಿದ ಪಟ್ಟಿಯೊಂದುಂಟು. ಹಿಮ್ಮಡಿಗೆ ಅದು ಅಂಟಿದ ಜಾಗ ಜಗ್ಗಿ ಜಗ್ಗಿ ಸವೆದಿರುತ್ತದೆ. ರಾತ್ರಿಯಿಡೀ ಪಾದ ಕೆಳಗೆ ಬಾಗಿ ಪಟ್ಟಿ ಮುದುಡಿರುತ್ತದೆ, ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆಯುತ್ತದೆ. 40 ದಾಟಿದವರು, ಮೈ ಬಂದವರು, ಮೀನಖಂಡ ಬಿಗಿಯಾದವರು, ಇಡೀ ದಿನ ನಿಲ್ಲುವವರು ಇದಕ್ಕೆ ಹೇಳಿ ಮಾಡಿಸಿದವರು. ಬೈಗುಳವೆಲ್ಲ ಈಗಿನ ಟೈಲ್ಸಿಗೆ ಬೀಳುವುದು ನ್ಯಾಯವಲ್ಲ. ಹಳೆಯ ಕಾವಿ ನೆಲವೂ ಹತ್ತಿಯ ಹಾಸಿಗೆಯೇನೂ ಆಗಿರಲಿಲ್ಲ.

ಎಕ್ಸ್‌ರೇ ತೆಗೆಸಿದರೆ ಹಿಮ್ಮಡಿಯಲ್ಲಿ ಎಲುಬಿನ ಮುಳ್ಳೊಂದು ಕಾಣಬಹುದು. ಆಮೇಲೆ ಕೇಳಬೇಡಿ, ಬಂದ ನೆಂಟರಿಗೆಲ್ಲ ಅದನ್ನು ಬೆಳಕಿಗೆ ಹಿಡಿದು ತೋರಿಸುವುದೇ ಕೆಲಸ. ಆ ಮುಳ್ಳು ನೋವೇ ಇಲ್ಲದ ಎಷ್ಟೋ ಹಿಮ್ಮಡಿಗಳಲ್ಲಿಯೂ ಇರುತ್ತದೆ. ಅದು ಚುಚ್ಚುವುದಿಲ್ಲ, ಅದನ್ನು ಕೊಯ್ದು ತೆಗೆಯಬೇಕಾದ್ದೂ ಅಪರೂಪ.

ಮದ್ದು ಬಹಳ ನೀರಸವಾದದ್ದು, ಅದಕ್ಕೇ ಯಾರೂ ಮಾಡುವುದಿಲ್ಲ. ಹಾಸಿಗೆಯಿಂದ ಇಳಿಯುವ ಮೊದಲೇ ನೋವಿನ ಕಾಲನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಕೈಯಿಂದ ಬೆರಳುಗಳನ್ನೆಲ್ಲ ಮೊಣಕಾಲ ಕಡೆಗೆ ಬಾಗಿಸಿ. ಅಂಗಾಲಿನ ಪಟ್ಟಿ ತಂತಿಯಾಗಿ ಬಿಗಿದದ್ದು ಇನ್ನೊಂದು ಕೈಗೆ ಸಿಗುತ್ತದೆ. 10 ಸೆಕೆಂಡು ಹಿಡಿದು ಬಿಡಿ, ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಜೊತೆಗೆ ಗೋಡೆಗೆ ಕೈಕೊಟ್ಟು, ನೋವಿನ ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಬೇಕು: ಮಂಡಿ ನೆಟ್ಟಗಿಟ್ಟು 30 ಸೆಕೆಂಡು, ಸ್ವಲ್ಪ ಮಡಚಿ 30 ಸೆಕೆಂಡು, ತಲಾ 3 ಸಲ. ಸಂಜೆ ಹೆಪ್ಪುಗಟ್ಟಿದ ನೀರಿನ ಬಾಟಲಿಯ ಮೇಲೆ ಅಂಗಾಲನ್ನು ಹತ್ತು ನಿಮಿಷ ಉರುಳಿಸಬಹುದು, ಬಾಟಲಿ ಪ್ಲಾಸ್ಟಿಕ್ಕಿನದ್ದಿರಲಿ.

ಕಷ್ಟ ಬರುವುದು ಚಪ್ಪಲಿಯ ವಿಷಯದಲ್ಲಿ. ಮನೆಯೊಳಗೆ ಚಪ್ಪಲಿ ಎಂದ ಕೂಡಲೇ ಅಜ್ಜಿಯಂದಿರ ಹುಬ್ಬು ಏರುತ್ತದೆ. ಹೊಸ್ತಿಲು ದಾಟದ ಒಂದು ಜೊತೆಯನ್ನು ಬೇರೆಯೇ ಇಟ್ಟು, ದೇವರ ಕೋಣೆಯ ಎದುರು ಬಿಚ್ಚುತ್ತೇನೆಂದು ಒಪ್ಪಂದ ಮಾಡಿಕೊಂಡವರಿದ್ದಾರೆ. ಹಿಮ್ಮಡಿ ಎರಡು ಮೂರು ಸೆಂಟಿಮೀಟರ್ ಎತ್ತರ ಇರಲಿ, ಕಮಾನಿಗೆ ಆನಿಕೆ ಇರಲಿ. ಕೊಳ್ಳುವಾಗ ಎರಡು ತುದಿ ಹಿಡಿದು ಬಾಗಿಸಿ ನೋಡಿ: ಬೆರಳ ಬುಡದಲ್ಲಿ ಮಡಚಿದರೆ ತನ್ನಿ, ಸೊಂಟದಲ್ಲಿ ಮಡಚಿದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಸವೆದ ಹವಾಯಿಗೆ ಹಿಮ್ಮಡಿ ನೋವಿನವರ ಮನೆಯಲ್ಲಿ ಜಾಗವಿಲ್ಲ.

ಎರಡು ವಾರ ಇಷ್ಟು ಮಾಡಿ, "ಇದರಿಂದ ಎಂತ ಆಗುವುದಿಲ್ಲ ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎನ್ನುವವರೇ ಎಲ್ಲರೂ. ಸ್ಟಿರಾಯ್ಡ್ ಸೂಜಿಯಿಂದ ಕೆಲವು ವಾರ ಹಾಯೆನಿಸುವುದು ನಿಜ. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗಬಹುದು, ಪಟ್ಟಿಯೇ ಹರಿಯಬಹುದು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ವರ್ಷದೊಳಗೆ ವಾಸಿಯಾಗುತ್ತದೆ. ಆದರೆ ಹರೆಯದವರಿಗೆ ಎರಡೂ ಹಿಮ್ಮಡಿ ನೊಂದು, ಬೆಳಗ್ಗೆ ಬೆನ್ನೂ ಸೆಟೆದುಕೊಂಡರೆ ಅದು ಬೇರೆಯೇ ಸಂಧಿವಾತ ಇರಬಹುದು, ರಕ್ತಪರೀಕ್ಷೆ ಮಾಡಿಸಬೇಕು.

ಹಿಮ್ಮಡಿಯ ಹಿಂಭಾಗದ ನೋವಿಗೆ ಹೆಚ್ಚಾಗಿ ಕಾರಣ ಮೀನಖಂಡವನ್ನು ಹಿಮ್ಮಡಿಗೆ ಬಿಗಿದ ಅಕಿಲಿಸ್ ರಜ್ಜು. ಅದಕ್ಕೆ ಮದ್ದು ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕೆ ಇಳಿಸುವ ವ್ಯಾಯಾಮ, 15ರಂತೆ 3 ಸುತ್ತು, ದಿನಕ್ಕೆ 2 ಸಲ, 12 ವಾರ. 1998ರಲ್ಲಿ ಸ್ವೀಡನ್ನಿನವರು ಪ್ರಕಟಿಸಿದ ಕ್ರಮ ಇದು. ಪಾಚಿ ಇಲ್ಲದ ಮೆಟ್ಟಿಲು ಆರಿಸಿಕೊಳ್ಳಿ. ಸಂಜೆಯ ಶಟಲ್ ಕೋರ್ಟಿನಲ್ಲಿ ಹಿಂದಿನಿಂದ ಯಾರೋ ಒದ್ದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ ಜಗಳಕ್ಕೆ ಹೋಗಬೇಡಿ, ಆ ರಜ್ಜು ತುಂಡಾಗಿದೆ. ಬೋರಲು ಮಲಗಿಸಿ ಮೀನಖಂಡ ಹಿಚುಕಿದಾಗ ಪಾದ ಅಲುಗದಿದ್ದರೆ ಖಾತ್ರಿ. ಅದೇ ದಿನ ಆಸ್ಪತ್ರೆ.

ನಡುರಾತ್ರಿ ಹೆಬ್ಬೆರಳ ಬುಡ ಕೆಂಪೇರಿ, ಹೊದಿಕೆಯ ಭಾರವೂ ತಡೆಯದಂತಾದರೆ ಗೌಟ್, ಅಂದರೆ ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು. ಬೂತಾಯಿ ಮೀನು, ಮರುವಾಯಿ ಚಿಪ್ಪು, ಬಿಯರು ಸೇರಿದ ಭಾನುವಾರದ ನಂತರ ಬಂದರೆ ಅಚ್ಚರಿಯಿಲ್ಲ. ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯಲ್ಲಿ ಬಂದಾಗ ಮಾತ್ರ ನೆಂಟರು ಅನುಮಾನದಿಂದ ನೋಡುತ್ತಾರೆ. ವಂಶ, ಮೂತ್ರಪಿಂಡ, ಬಿ.ಪಿ.ಗೆ ಕೊಡುವ ಕೆಲವು ಮೂತ್ರಲ ಮಾತ್ರೆ ಇವೂ ಯೂರಿಕ್ ಆಸಿಡ್ ಏರಿಸುತ್ತವೆ, ಆ ಪಾಪದವರನ್ನು ಬಿಟ್ಟುಬಿಡಿ. ನೋವು ಜೋರಿದ್ದಾಗ ರಕ್ತದಲ್ಲಿ ಅದರ ಮಟ್ಟ ಸರಿಯಾಗಿಯೇ ಕಾಣಬಹುದು; ಎರಡು ವಾರ ಬಿಟ್ಟು ಮತ್ತೆ ನೋಡಿಸಬೇಕು. ಚಿಕಿತ್ಸೆ ಶುರುವಾದ ಮೇಲೆ ಅದನ್ನು ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗೆ ಇಳಿಸುವುದು ಗುರಿ.

ಇಷ್ಟೆಲ್ಲ ಹೇಳಿಸಿಕೊಂಡ ಪಾದಕ್ಕಿಂತ ಅಪಾಯದ್ದು ಏನೂ ಹೇಳದ ಪಾದ. ಸಕ್ಕರೆ ಕಾಯಿಲೆ ಹಳೆಯದಾದಾಗ ಅಂಗಾಲಿನ ನರ ಸಾಯುತ್ತದೆ. ನಡುಹಗಲು ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಬಂದು ಬೊಬ್ಬೆ ಎದ್ದದ್ದು ಮನೆಗೆ ಬಂದ ಮೇಲೂ ತಿಳಿಯುವುದಿಲ್ಲ. ಕ್ಲಿನಿಕ್ಕಿನಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಮುಟ್ಟಿಸಿ ಪರೀಕ್ಷಿಸುತ್ತಾರೆ, ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳಿ. ಇಂಥವರು ಆಣಿಯನ್ನು ಬ್ಲೇಡಿನಿಂದ ಕೆರೆಯಬಾರದು, ಆಸಿಡ್ ಇರುವ ಆಣಿ ಪಟ್ಟಿ ಹಚ್ಚಬಾರದು, ಚಿಕ್ಕಮ್ಮನ ಬಿಸಿನೀರಿಗೂ ಕಾಲು ಕೊಡಬಾರದು. ಉಗುರನ್ನು ನೇರಕ್ಕೆ ಕತ್ತರಿಸಿ, ಬೆರಳ ಸಂದು ಒರೆಸಿ, ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿ. ಪಾದ ನೋವಿಲ್ಲದೆ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಒಂದು ದಿನವೂ ಕಾಯಬೇಡಿ. ಶೂ ಹಾಕುವ ಮೊದಲು ಪ್ರತಿ ಸಲವೂ ಬೋರಲು ಹಾಕಿ ಕೊಡವಿ: ಅಡಿಕೆ ಚೂರು, ಮೊಮ್ಮಗನ ಗೋಲಿ, ಮಳೆಗಾಲದಲ್ಲಿ ಕಪ್ಪೆ. ಕಪ್ಪೆಯ ಆರೋಗ್ಯಕ್ಕೂ ಅದೇ ಒಳ್ಳೆಯದು.