ಒಮ್ಮೆ ಬ್ಯಾಡ ಅಂದ್ರೆ ಬ್ಯಾಡ ಅಂತಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಮೈಸೂರಿನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. "ಕಾಫಿ ಕುಡೀತೀರಾ?" ಅಂತ ಕೇಳಿದರು. ನಾನು ಹುಬ್ಬಳ್ಳಿಯವನು. "ಬ್ಯಾಡ್ರಿ, ಈಗಷ್ಟೇ ಆತು" ಅಂದೆ. ಇನ್ನೊಮ್ಮೆ ಕೇಳ್ತಾರೆ, ಆಗ "ಅರ್ಧ ಕಪ್ ಕೊಡ್ರಿ" ಅನ್ನೋಣ ಅಂತ ಕಾದೆ. ಕೇಳಲೇ ಇಲ್ಲ! ಒಂದು ತಾಸು ಮಾತಾಡಿ ಎದ್ದು ಬಂದವನು, ಬಸ್‌ಸ್ಟ್ಯಾಂಡಿನಲ್ಲಿ ರೊಕ್ಕ ಕೊಟ್ಟು ಚಹಾ ಕುಡಿದೆ.

ಇದನ್ನು ಕೇಳಿ ಅವ್ವ ಸಿಟ್ಟಾದಳು. "ಚಾ ಕುಡೀತಿರೇನು ಅಂತ ಯಾರರ ಕೇಳ್ತಾರೇನೋ? ತಂದು ಕೈಯಾಗ ಕೊಡೂದು." (ಅವ್ವನಿಗೆ ನಾವು ಬಹುವಚನ ಹಚ್ಚುವುದಿಲ್ಲ. ಹಚ್ಚಿದರೆ ಏನೋ ಜಗಳ ಆಗಿದೆ ಅಂತ ತಿಳಿಯಬೇಕು.)

ಮುಂದೆ ಇದರ ಲೆಕ್ಕ ಚುಕ್ತಾ ಆಯಿತು. ಮಂಡ್ಯ ಕಡೆಯ ಹುಡುಗಿಯೊಬ್ಬಳು ನಮ್ಮ ಆಫೀಸಿಗೆ ವರ್ಗವಾಗಿ ಬಂದಳು. ಊಟಕ್ಕೆ ಕರೆದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಎರಡು ರೊಟ್ಟಿ ತಿಂದು "ಸಾಕು" ಅಂದಳು. ಅವಳ ಸಾಕು ಖರೇನೇ ಸಾಕು. ಅವ್ವನ ಕಿವಿಗೆ ಅದು ಸಂಕೋಚ. ಹುಡುಗಿ ತಾಟಿಗೆ ಕೈ ಅಡ್ಡ ಹಿಡಿದಳು. ಅವ್ವ ಮೂರನೇ ರೊಟ್ಟಿಯನ್ನು ಆ ಕೈ ಮೇಲೇ ಇಟ್ಟಳು.

ಮೈಸೂರಿನವರು ನನ್ನ ಮಾತಿಗೆ ಬೆಲೆ ಕೊಟ್ಟಿದ್ದರು. ಅವ್ವ ಮಾತಿನ ಹಿಂದಿನ ಹೊಟ್ಟೆ ನೋಡಿದ್ದಳು. ಇಬ್ಬರೂ ಮರ್ಯಾದೆಯನ್ನೇ ಮಾಡಿದ್ದು. ಆದರೂ ನಾನು ಉಪವಾಸ ಬಂದೆ, ಆ ಹುಡುಗಿಗೆ ರಾತ್ರಿಯ ಊಟ ಬೇಡವಾಯಿತು.

ಅವಳಿಗೆ ಇನ್ನೂ ಬೇಜಾರಾಗಿದ್ದು ಜನತಾ ಬಜಾರಿನಲ್ಲಿ. ಕಾಯಿಪಲ್ಲೆ ಮಾರುವ ಅಜ್ಜಿ "ಏನ್ ಬೇಕ ಯವ್ವಾ?" ಅಂದಿದ್ದಳಂತೆ. "ನಾನು ಅಷ್ಟು ವಯಸ್ಸಾದವಳ ಥರ ಕಾಣ್ತೀನಾ ಸಾರ್?" ಅಂತ ಕೇಳಿದಳು. ಏನು ಹೇಳಲಿ? ನಮ್ಮಲ್ಲಿ ಎರಡು ವರ್ಷದ ಕೂಸಿಗೂ ಯವ್ವಾ ಅಂತೀವಿ, ತಮ್ಮನ ವಯಸ್ಸಿನವನಿಗೂ ಯಪ್ಪಾ ಅಂತೀವಿ. ಆಮೇಲೆ ಗೌರಿ ಹಬ್ಬಕ್ಕೆ ರಜೆ ಕೇಳಿದಾಗ ಹಿರಿಯರೊಬ್ಬರು "ಗಣಪತಿಗೆ ಸರಿ, ಗೌರಿಗೆ ಯಾಕ?" ಅಂದರು. ಅವಳ ತವರಿನ ಬಾಗಿನ ಇರೋದೇ ಅವತ್ತು. ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗೋದು ನಾಗರ ಪಂಚಮಿಗೆ. ಜೋಕಾಲಿ, ಡಬ್ಬಿ ತುಂಬಾ ಉಂಡಿ.

ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. 1956ರ ನವೆಂಬರ್ 1ರವರೆಗೆ ಹುಬ್ಬಳ್ಳಿ ಸೇರಿದ ನಮ್ಮ ಧಾರವಾಡ ಜಿಲ್ಲೆ ಇದ್ದಿದ್ದು ಮುಂಬೈ ರಾಜ್ಯದಲ್ಲಿ. ಕಾಕಾ (ಚಿಕ್ಕಪ್ಪ), ವೈನಿ (ಅತ್ತಿಗೆ), ಮಾವಶಿ (ಚಿಕ್ಕಮ್ಮ) ಅನ್ನೋ ಮಾತು ನಮ್ಮ ಮನೆ ಸೇರಿದ್ದು ಮರಾಠಿ ಒಡನಾಟದಿಂದ. ಭಾಷೆ ಒಂದೇ ಆದ ಮಾತ್ರಕ್ಕೆ ಪದ್ಧತಿಯೂ ಒಂದೇ ಇರಬೇಕು ಅಂದ್ರೆ ಹೇಗೆ?

ಆದರೆ ನಮ್ಮದೆಲ್ಲ ಚೊಲೋ ಅಂತ ನಾನು ಹೇಳಲಾರೆ. ಈ ಒತ್ತಾಯದ ವಿಷಯದಲ್ಲಿ ನಾನು ಮಂಡ್ಯದ ಪಕ್ಷ. ನಮ್ಮ ಕಾಕಾಗೆ ಸಕ್ಕರೆ ಕಾಯಿಲೆ. ಮೊನ್ನೆ ಗದಗಿನಲ್ಲಿ ಒಂದು ಮದುವೆ. ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಬ್ಯಾಡೋ ಯಪ್ಪಾ, ಶುಗರ್ ಐತಿ" ಅಂದ. ಬಡಿಸುವವನು "ಒಂದ ತಿಂದ್ರ ಏನೂ ಆಗಂಗಿಲ್ಲ ತಗೋರಿ" ಅಂತ ಹೋಳಿಗೆ ಹಾಕಿಯೇ ಬಿಟ್ಟ. ಕಾಕಾ ನನ್ನ ಕಡೆ ನೋಡಿದ. ನಾನು ಸುಮ್ನೆ ಅದನ್ನು ಎತ್ತಿ ನನ್ನ ಎಲೆಗೆ ಹಾಕಿಕೊಂಡೆ. ಬಡಿಸುವವನು ಸಾಲು ಮುಗಿಸಿ ತಿರುಗಿ ಬಂದ. ಕಾಕಾನ ಎಲೆಯಲ್ಲಿ ಹೋಳಿಗೆ ಇಲ್ಲದ್ದು ಕಂಡು ಅವನಿಗೆ ಖುಷಿಯೋ ಖುಷಿ. ಇನ್ನೊಂದು ಹಾಕಿ, ಮೇಲೆ ತುಪ್ಪ ಸುರಿದು ಹೋದ.