ಡಿಟಿಪಿ ಅಂಗಡಿಯ ಕ್ರ್ಯಾಕ್ ವಿಂಡೋಸ್ ಮತ್ತು ಹಳೇ ನುಡಿ ಫೈಲುಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ ಜಾಗದಲ್ಲಿ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ (ಓಎಸ್) ಲಿನಕ್ಸ್ ಇದೆಯಲ್ಲ, ಅದನ್ನೇ ತೋರಿಸಿ "ಲಿನಕ್ಸ್ ಹಾಕಿಸ್ಕೊಳ್ಳಿ, ದುಡ್ಡು ಉಳಿಯುತ್ತೆ" ಅನ್ನುವ ಉಪದೇಶವೂ ಜೋರಾಯಿತು. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ, ಜೆರಾಕ್ಸ್ ಅಂಗಡಿಯವರಿಗೆ ಈ ಮಾತು ನಾಟುವುದಿಲ್ಲ. ಉಳಿಯುವುದಕ್ಕೆ ದುಡ್ಡೆಲ್ಲಿದೆ? ಅಲ್ಲಿರುವ ವಿಂಡೋಸ್‌ಗೆ ಯಾರೂ ಕಾಸು ಕೊಟ್ಟೇ ಇಲ್ಲ. ನಮ್ಮಲ್ಲಿ ಲಿನಕ್ಸ್ ಪೈಪೋಟಿ ನಡೆಸುತ್ತಿರುವುದು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸಿನ ಬೀಗ ಮುರಿದು ತಾನೂ ಪುಕ್ಕಟೆಯೇ ಆದ ವಿಂಡೋಸ್ ಜೊತೆ. ಬಿಲ್ ಗೇಟ್ಸ್ 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಚೀನಾದ ಕುರಿತು ಮಾತಾಡುತ್ತಾ, ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಚಟ ಹತ್ತಿದ ಮೇಲೆ ಮುಂದೆ ವಸೂಲಿ ದಾರಿ ಹುಡುಕೋಣ ಎಂಬರ್ಥದಲ್ಲಿ ಹೇಳಿದ್ದರು. ಇದಕ್ಕಿಂತ ಬಿಚ್ಚಿ ಹೇಳುವುದು ಕಷ್ಟ.

ಮೊದಲು ನಿಮ್ಮಲ್ಲಿರುವುದು ಏನು ಅಂತ ನೋಡಿಕೊಳ್ಳಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಸ್‌ಎಲ್‌ಎಂಜಿಆರ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಷ್ ಹಾಕಿ ಡಿಎಲ್‌ಐ ಸೇರಿಸಿ ಎಂಟರ್ ಕೊಡಿ. ಬರುವ ಪೆಟ್ಟಿಗೆಯಲ್ಲಿ 'ಓಇಎಂ' ಅಂತಿದ್ದರೆ ಆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿದ್ದು, ಬೇರೆ ಕಂಪ್ಯೂಟರಿಗೆ ಹೋಗದು. 'ವಾಲ್ಯೂಮ್ ಕೆಎಂಎಸ್ ಕ್ಲೈಂಟ್' ಅಂತ ಕಂಡರೆ, ನಿಮ್ಮದು ಯಾವುದೋ ದೊಡ್ಡ ಸಂಸ್ಥೆಯ ಕಚೇರಿಯಲ್ಲದ ಪಕ್ಷದಲ್ಲಿ, ಕಳ್ಳದಾರಿಯಲ್ಲಿ ಲೈಸೆನ್ಸ್ ಚಾಲು ಮಾಡುವ 'ಆಕ್ಟಿವೇಟರ್' ಪ್ರೋಗ್ರಾಂ ಓಡಿದೆ ಎಂದೇ ಅರ್ಥ. ಆ ಬಗೆಯ ಆಕ್ಟಿವೇಶನ್ 180 ದಿನಕ್ಕಷ್ಟೇ. ಅದನ್ನು ಮತ್ತೆ ಮತ್ತೆ ನವೀಕರಿಸಲು ಹಿಂದೆ ಒಂದು ಪ್ರೋಗ್ರಾಂ ಕೂತಿರುತ್ತದೆ. 'ರೀಟೇಲ್' ಅಂತ ಬಂದ ಮಾತ್ರಕ್ಕೂ ನೆಮ್ಮದಿ ಇಲ್ಲ, ಬಿಲ್ ಇದ್ದರಷ್ಟೇ ಅದು ಅಸಲಿ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಲೈಸೆನ್ಸ್ ಕೀಗಳು ಬಹುಪಾಲು ಹೀಗೇ ಎಲ್ಲಿಂದಲೋ ಸೋರಿದವು. ಇವತ್ತು ಆಕ್ಟಿವೇಟ್ ಆಗಿ ನಾಳೆ ಬ್ಲಾಕ್ ಆದರೆ ಕೇಳುವವರಿಲ್ಲ.

ಆಕ್ಟಿವೇಟರ್ ಹಾಕುವವನು ಮೊದಲು ವಿಂಡೋಸಿನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡುತ್ತಾನೆ, ಇಲ್ಲವೇ ಇಡೀ ಸಿ ಡ್ರೈವನ್ನೇ 'ಎಕ್ಸ್‌ಕ್ಲೂಷನ್' (ಅದು ತಪಾಸಣೆ ಮಾಡದೆ ಬಿಡುವ ಜಾಗಗಳ) ಪಟ್ಟಿಗೆ ಸೇರಿಸಿ ಹೋಗುತ್ತಾನೆ. ಕ್ರ್ಯಾಕ್ ತೆಗೆದರೂ ಆ ಪಟ್ಟಿ ಹಾಗೇ ಉಳಿಯುತ್ತದೆ. ಗಿರಾಕಿಗಳ ಆಧಾರ್, ಪ್ಯಾನ್, ಕ್ರಯಪತ್ರದ ಸ್ಕ್ಯಾನ್‌ಗಳೆಲ್ಲ ಕಾವಲಿಲ್ಲದ ಅದೇ ಡ್ರೈವಿನಲ್ಲಿ. ಕಾನೂನಿನ ಮಾತಿಗೆ ಬಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ನಕಲಿ ಎಂದು ತಿಳಿದೂ ಬಳಸಿದವರಿಗೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಜೈಲು ಬಿಟ್ಟು ಬರೀ ದಂಡ ಹಾಕುವ ವಿನಾಯಿತಿ ಉಂಟು, ಆದರೆ ಅದು ವ್ಯಾಪಾರಕ್ಕೆ ಬಳಸದವರಿಗೆ. ಅಂಗಡಿಗೆ ಅದು ಸಿಗದು.

ಇನ್ನೊಂದು ಸಂಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ವಿಂಡೋಸ್ 10 ಅಥವಾ 11 ಹೋಂ ಜೊತೆಗೇ ಬಂದ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಹೊಡೆದು, ಮೇಲೆ ಕ್ರ್ಯಾಕ್ ಮಾಡಿದ ಪ್ರೊ ಹಾಕಿ ಕೊಡುತ್ತಾರೆ! ಅಸಲಿ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯೋಸ್‌ನಲ್ಲೇ ಕೂತಿರುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಫೈಲು ಬ್ಯಾಕಪ್ ಮಾಡಿ, ಹೋಂ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಕೀ ತಾನೇ ಹಿಡಿದುಕೊಳ್ಳುತ್ತದೆ. ಒಂದು ಪೈಸೆ ಖರ್ಚಿಲ್ಲದೆ ನೀವು ಕಾನೂನಿನ ಒಳಗೆ.

ಇಷ್ಟಾದರೂ ಅಂಗಡಿಯವರು ಹಳೇ ಕಂಪ್ಯೂಟರಿಗೆ ಕೈ ಹಾಕಲು ಹೆದರುತ್ತಾರೆ. ಹೆದರಿಕೆಗೆ ಕಾರಣ ವಿಂಡೋಸ್ ಮೇಲಿನ ಪ್ರೀತಿಯಲ್ಲ, ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು, ಅದಕ್ಕೆ ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಈಗಿನ ಪದ್ಧತಿ) ಗೊತ್ತಿಲ್ಲ. ಹಾಗಾಗಿ ಲಗ್ನಪತ್ರಿಕೆ, ಕರಾರುಪತ್ರ, ಕರಪತ್ರದ ನೂರಾರು ಮಾದರಿಗಳು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಆದ ನುಡಿಯ ಹಳೇ ಆಸ್ಕಿ ಫಾಂಟಿನಲ್ಲೇ ಇವೆ. ಆಸ್ಕಿಯಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ಆದ್ದರಿಂದ ನನ್ನ ವಾದ ಇಷ್ಟು: ಮೊದಲು ಫೈಲು ಬದಲಿಸಿ, ಆಮೇಲೆ ಸಾಫ್ಟ್‌ವೇರ್, ಓಎಸ್ ಕಟ್ಟಕಡೆಗೆ. ಎಲ್ಲರೂ ಮಾಡುವುದು ಇದರ ತಿರುವುಮುರುವು. ಲಿನಕ್ಸ್ ಹಾಕಿ ವಾರದೊಳಗೆ ಮತ್ತೆ ಕ್ರ್ಯಾಕ್‌ಗೆ ಮರಳುವುದೂ ಅದಕ್ಕೇ.

ಪೇಜ್‌ಮೇಕರಿನಲ್ಲಿ ಪಠ್ಯ ಆಯ್ದು ಆರ್‌ಟಿಎಫ್‌ಗೆ ಎಕ್ಸ್‌ಪೋರ್ಟ್ ಮಾಡಿ, ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಯಾವುದಾದರೂ ಪರಿವರ್ತಕಕ್ಕೆ ಕೊಡಿ. ಎಡವುವ ಜಾಗಗಳು ಗೊತ್ತಿರಲಿ. ಒಂದೇ ಸಾಲಿನಲ್ಲಿ ಇಂಗ್ಲಿಷ್ ಇದ್ದರೆ ಅದೂ ಕನ್ನಡವೆಂದು ಭಾವಿಸಿ ಅರ್ಥವಿಲ್ಲದ ಅಕ್ಷರವಾಗುತ್ತದೆ, ಏಕೆಂದರೆ ಬರೀ ಪಠ್ಯ ಅಂಟಿಸಿದಾಗ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಗುರುತು ಅಳಿಸಿಹೋಗಿರುತ್ತದೆ. ಸರ್ವೆ ನಂಬರ್, ಇಮೇಲ್, ವಾಹನದ ನಂಬರ್ ಇರುವ ಸಾಲುಗಳನ್ನು ಕಣ್ಣಿಟ್ಟು ನೋಡಿ. ಆಸ್ಕಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಒತ್ತಕ್ಷರ ಸೇರಿದ ಕಡೆ ಕೆಲವು ಪರಿವರ್ತಕಗಳು ಇದನ್ನು ಕೆಡಿಸುತ್ತವೆ. 'ರ‍್ಯಾಂಕ್' ಥರದ ಪದಗಳನ್ನೂ ಕೈಯಲ್ಲೇ ತಿದ್ದಬೇಕು. ಎಲ್ಲಾ ಫೈಲು ತಿರುಗಿಸಲು ಹೋಗಬೇಡಿ. ವಾರವಾರ ಬಳಕೆಗೆ ಬರುವ ಮಾದರಿಗಳು ಸಾಕು, ಉಳಿದವು ಪಿಡಿಎಫ್ ಆಗಿ ಮಲಗಿರಲಿ.

ಪುಟ ಕಟ್ಟುವುದಕ್ಕೆ ಸ್ಕ್ರೈಬಸ್ 1.6 ಕನ್ನಡ ಒತ್ತಕ್ಷರವನ್ನು ಸರಿಯಾಗಿ ಕೂರಿಸುತ್ತದೆ, ಆಫ್‌ಸೆಟ್‌ಗೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಯ) ಪಿಡಿಎಫ್ ಕೊಡುತ್ತದೆ. ಪತ್ರ, ಅರ್ಜಿಗೆ ಲಿಬ್ರೆಆಫೀಸ್. ಇವೆರಡೂ ವಿಂಡೋಸಿನಲ್ಲೂ ಓಡುತ್ತವೆ. ಕೈ ಪಳಗಿಸಿಕೊಳ್ಳಲು ಓಎಸ್ ಬದಲಿಸಬೇಕಿಲ್ಲ. ಪ್ರೆಸ್‌ನವರು ಕೋರೆಲ್ ಫೈಲೇ ಬೇಕು ಅಂತ ಹಟ ಹಿಡಿದರೆ ಮಾತ್ರ ಕಷ್ಟ.

ಇಷ್ಟಾದ ಮೇಲೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿಯೇ ಓಡಿಸಿ ನೋಡಿ. 2029ರವರೆಗೆ ಅದಕ್ಕೆ ಬೆಂಬಲವಿದೆ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿಗೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಡಿಸ್ಕ್ ಸಂಪರ್ಕದ ಸೆಟ್ಟಿಂಗ್ ಆದ ಸಾಟಾ ಮೋಡ್ ರೇಡ್‌ನಲ್ಲಿರಬಹುದು, ಎಎಚ್‌ಸಿಐ ಬೇಕು. ಆದರೆ ಅದನ್ನು ಹಾಗೇ ಬದಲಿಸಿದರೆ ಒಳಗಿನ ವಿಂಡೋಸ್ ಏಳದೇ ಹೋಗಬಹುದು. ಲಿನಕ್ಸಿನಿಂದ ವಿಂಡೋಸ್ ಡ್ರೈವಿಗೆ ಬರೆಯಲು ಆಗದಿದ್ದರೆ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಟೈಪಿಂಗ್‌ಗೆ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸ ಸಿಗುತ್ತದೆ, ಆದರೂ ಟೈಪಿಂಗ್ ಸಾಧನವಾದ ಐಬಸ್‌ಗೆ ಎಂ17ಎನ್ ಸೇರಿಸಿದರೆ ಸಿಗುವ ಕೆಜಿಪಿ ವಿಧಾನವೇ ನುಡಿಗೆ ಪಳಗಿದ ಬೆರಳಿಗೆ ಹತ್ತಿರ.

ಕೊನೆಯ ತೀರ್ಪು ಪ್ರಿಂಟರಿನದು. ಎಚ್‌ಪಿ 1020, ಎಂ1005 ಪ್ರಿಂಟರುಗಳಿಗೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್‌ನ ಪ್ಲಗಿನ್ ಬೇರೆಯಾಗಿ ಹಾಕಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಪ್ರಿಂಟರ್ ಕಂಡರೂ ಹಾಳೆ ಹೊರಬರದು. 1020ರ ಫರ್ಮ್‌ವೇರನ್ನು (ಪ್ರಿಂಟರಿನ ಒಳಗೆ ಓಡುವ ಸಾಫ್ಟ್‌ವೇರನ್ನು) ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರೇ ತುಂಬಬೇಕು, ಅದು ಬರುವುದು ಆ ಪ್ಲಗಿನ್‌ನಲ್ಲಿ. ಕ್ಯಾನನ್ ಎಲ್‌ಬಿಪಿ 2900ಗೆ ಕ್ಯಾಪ್ಟ್ ಎಂಬ ಕಂಪನಿಯ ಸ್ವಂತ ಭಾಷೆಯಷ್ಟೇ ಅರ್ಥವಾಗುವುದು. ಲಿನಕ್ಸ್‌ನಲ್ಲಿ ಅದರ ಜೊತೆ ಗುದ್ದಾಡಿ ಗಿರಾಕಿಯನ್ನು ಕಾಯಿಸಬೇಡಿ. ಲೆಕ್ಕಪತ್ರದ ಟ್ಯಾಲಿ ಇದ್ದರೂ ವಿಂಡೋಸೇ ಬೇಕು. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಲೈವ್‌ನಲ್ಲಿ ಒಂದು ಸಹಿ ಹಾಕಿ ಪರೀಕ್ಷಿಸದೆ ಮುಂದುವರಿಯಬೇಡಿ. ಮೂರು ಕಂಪ್ಯೂಟರಿನ ಅಂಗಡಿಯಾದರೆ ಒಂದರಲ್ಲಿ ಬಿಲ್ ಇರುವ ವಿಂಡೋಸ್ ಇಟ್ಟು ಟ್ಯಾಲಿ, ಟೋಕನ್, ಕ್ಯಾನನ್ ಪ್ರಿಂಟರ್ ಅದಕ್ಕೇ ಕಟ್ಟಿ. ಉಳಿದೆರಡಕ್ಕೆ ಮಿಂಟ್ ಸಾಕು, ಅಲ್ಲಿ ಕಟ್ಟಿದ ಪಿಡಿಎಫ್ ನೆಟ್‌ವರ್ಕ್ ಫೋಲ್ಡರಿನ ಮೂಲಕ ಪ್ರಿಂಟಿಗೆ ಹೋಗಲಿ.